ನೂಲು ತೆಗೆಯುವ ಮೊದಲು

ಪ್ರಯೋಗಾಲಯದಲ್ಲಿ ಅವಳ ಮೇಲಧಿಕಾರಿಯಾಗಿದ್ದವನು ಸ್ವಂತ ಅಕ್ಕನ ಗಂಡ. ಇಲಿಯ ಮೆದುಳಿಗೆ ಹೋಗುವ ರಕ್ತನಾಳದೊಳಗೆ ನೂಲು ತೂರಿಸಿ ರಕ್ತ ತಡೆಯುವುದು, ಸ್ವಲ್ಪ ಹೊತ್ತಿನ ಮೇಲೆ ನೂಲೆಳೆದು ಮತ್ತೆ ಹರಿಯಬಿಡುವುದು ಅವಳ ಕೆಲಸ. ರಕ್ತ ನಿಂತಾಗ ಒಂದು ಹಾನಿ, ಅದು ಏಕಾಏಕಿ ನುಗ್ಗಿ ಬಂದಾಗ ಇನ್ನೊಂದು. ಆ ಎರಡನೆಯದನ್ನು ತಡೆಯುವ ಔಷಧಿಯನ್ನು ಅವಳು ವರ್ಷಗಟ್ಟಲೆ ಹೆಣಗಿ ಕಂಡುಹಿಡಿದಿದ್ದಳು. ನೂಲು ತೆಗೆಯುವ ಮೊದಲೇ ಚುಚ್ಚಿದರೆ ಇಲಿ ಮರುದಿನ ನೆಟ್ಟಗೆ ಓಡಾಡುತ್ತಿತ್ತು. ತೆಗೆದ ಮೇಲೆ ಕೊಟ್ಟರೆ ನೀರು ಕೊಟ್ಟಂತೆಯೇ.

ಭಾವ ಅದನ್ನು ತನ್ನ ಸಂಶೋಧನೆಯೆಂದು ಪ್ರಕಟಿಸಿದ. ಅವಳ ಹೆಸರು ಎಲ್ಲಿಯೂ ಇರಲಿಲ್ಲ. ಅದು ಸಾಲದೆಂಬಂತೆ, ರಕ್ತ ಮರಳಿ ಎಷ್ಟೋ ಹೊತ್ತಾದ ಮೇಲೂ ಔಷಧಿ ಕೆಲಸ ಮಾಡುತ್ತದೆ ಎಂದು ಸೇರಿಸಿದ.

"ಇದು ಸುಳ್ಳು, ಭಾವ."

"ರೋಗಿಗಳು ಬರೋದೇ ತಡವಾಗಿ ಕಣಮ್ಮಾ. ಮೊದಲೇ ಕೊಡ್ಬೇಕು ಅಂದ್ರೆ ಯಾವ ಕಂಪನಿ ತಿರುಗಿ ನೋಡುತ್ತೆ? ನಿನಗೆ ಇಲಿ ಹಿಡಿಯೋಕೆ ಬರುತ್ತೆ. ಮಿಕ್ಕಿದ್ದು ನನಗೆ ಬಿಡು."

ಆಮೇಲೆ ಅವಳನ್ನು ಕೆಲಸದಿಂದಲೇ ಬಿಡಿಸಿದ.

ಅವಳು ಕೂಗಾಡಲಿಲ್ಲ, ದೂರು ಕೊಡಲಿಲ್ಲ. ಇನ್ನೊಂದು ಪ್ರಯೋಗಾಲಯ ಸೇರಿ, ಭಾವ ಇನ್ನಷ್ಟು ಮೇಲೇರಲೆಂದು ಹಲ್ಲು ಕಚ್ಚಿ ಕಾದಳು. ಕೆಳಗಿನ ಮೆಟ್ಟಿಲಿಂದ ಬಿದ್ದರೆ ಮಂಡಿ ತರಚುತ್ತದೆ, ಅಷ್ಟೇ. ಅವನಿಗೆ ಪ್ರಶಸ್ತಿ ಬಂದಾಗ ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದಳು.

ಕೊನೆಗೊಂದು ಔಷಧ ಕಂಪನಿ ಒಲಿಯಿತು. ಕಂಪನಿಯ ವೈದ್ಯೆಯನ್ನು ಭಾವ ಮನೆಗೆ ಊಟಕ್ಕೆ ಕರೆದ. ನಾದಿನಿಯನ್ನೂ ಕರೆದ, ತನ್ನ ದೊಡ್ಡತನ ತೋರಿಸಲು.

ಊಟದ ನಡುವೆ ಅವಳು ಜೇನಿನಂಥ ದನಿಯಲ್ಲಿ ಹೇಳಿದಳು: "ಭಾವ, ಒಂದ್ಸಲ ಎಲ್ಲರ ಮುಂದೆ ಮಾಡಿ ತೋರಿಸಿಬಿಡಿ. ಯಾವ ಇಲಿಗೆ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು ಅಂತ ನಿಮಗೂ ಗೊತ್ತಿರಬಾರದು. ನಮ್ಮ ಲ್ಯಾಬಲ್ಲೇ ಜಾಗ ಕೊಡಿಸ್ತೀನಿ."

"ಒಳ್ಳೇ ಯೋಚನೆ," ಎಂದಳು ವೈದ್ಯೆ. ಭಾವ ನಕ್ಕ, ಒಪ್ಪಿದ. ಅತಿಥಿಯ ಎದುರು ಬೇರೆ ದಾರಿ ಇರಲಿಲ್ಲ.

ಅಡುಗೆಮನೆಯಲ್ಲಿ ಅಕ್ಕ ತಂಗಿಯ ಮಣಿಕಟ್ಟು ಹಿಡಿದಳು. "ಏನೋ ಇಟ್ಕೊಂಡಿದ್ದೀಯ ಮನಸಲ್ಲಿ. ಅವರೊಬ್ಬರಿಗೇ ಹೇಳೇ, ತಿದ್ಕೋತಾರೆ. ನನಗೋಸ್ಕರ."

"ನನ್ನನ್ನ ಹೊರಗೆ ಹಾಕಿದಾಗ ನೀನೇನಂದೆ? ಹೊಂದ್ಕೊಂಡು ಹೋಗ್ಬೇಕಿತ್ತು ಅಂದೆ."

ಅಕ್ಕ ಕೈಬಿಟ್ಟಳು.

ಪ್ರಯೋಗದ ದಿನ ಭಾವ ತಾನೇ ಇಲಿಗಳಿಗೆ ಅರಿವಳಿಕೆ ಕೊಟ್ಟ, ನೂಲು ತೂರಿಸಿ ಎಳೆದ, ಆಮೇಲೆ ವೈದ್ಯೆ ಗುಟ್ಟಾಗಿ ತುಂಬಿಕೊಟ್ಟ ಚುಚ್ಚುಮದ್ದು ಹಾಕಿದ. ಪಕ್ಕದ ಮೇಜಿನಲ್ಲಿ ಅವಳು, ಹೋಲಿಕೆಗಿರಲೆಂದು, ತನ್ನ ಇಲಿಗಳಿಗೆ ನೂಲೆಳೆಯುವ ಮೊದಲೇ ಔಷಧಿ ಕೊಟ್ಟಳು. ಪಂಜರಗಳ ಕೋಣೆಗೆ ವೈದ್ಯೆ ಬೀಗ ಹಾಕಿ ಕೀಲಿಕೈ ತಾನೇ ಇಟ್ಟುಕೊಂಡಳು.

ಮರುದಿನ ಎಲ್ಲರೂ ಸುತ್ತ ನಿಂತರು. ಭಾವನ ಇಲಿಗಳೆಲ್ಲ ಮುಂಗಾಲು ಎಳೆಯುತ್ತ ಒಂದೇ ಕಡೆಗೆ ಗಿರಗಿರ ಸುತ್ತುತ್ತಿದ್ದವು. ಔಷಧಿ ಯಾವುದಕ್ಕೆ, ಉಪ್ಪುನೀರು ಯಾವುದಕ್ಕೆ ಎಂದು ಬಯಲು ಮಾಡಿದಾಗಲೂ ಏನೂ ವ್ಯತ್ಯಾಸ ಕಾಣಲಿಲ್ಲ.

"ಅರಿವಳಿಕೆ ಜಾಸ್ತಿಯಾಗಿರ್ಬೇಕು," ಎಂದ ಭಾವ.

"ಕೊಟ್ಟೋರು ನೀವೇ ಅಲ್ವಾ?" ಎಂದಳು ವೈದ್ಯೆ.

ನಾದಿನಿ ತನ್ನ ಪಂಜರ ತಂದು ಭಾವನ ಪಂಜರದ ಪಕ್ಕದಲ್ಲೇ ಇಟ್ಟಳು. ಇಲಿಗಳು ಸರಸರ ಸರಳು ಹತ್ತಿ ಅವಳ ಬೆರಳು ಮೂಸಿದವು. "ಇದು ನನ್ನ ಔಷಧಿ, ಭಾವ. ಅದು ನಿಮ್ಮದು." ಅವನ ಮುಖ ಸುಣ್ಣವಾಗುವುದನ್ನು ಅವಳು ಕಣ್ತುಂಬ ನೋಡಿದಳು.

ಭಾವನ ಹುದ್ದೆ ಹೋಯಿತು, ಪ್ರಶಸ್ತಿಯನ್ನೂ ಹಿಂದಕ್ಕೆ ಪಡೆದರು. ಕಂಪನಿ ಅವಳ ಔಷಧಿಯನ್ನೂ ಕೈಬಿಟ್ಟಿತು. ಮೊದಲೇ ಕೊಡಬೇಕಾದ ಮದ್ದು ಅವರಿಗೆ ಬೇಡವಾಗಿತ್ತು. ಹೀಗಾಗಬಹುದೆಂದು ಅವಳು ಮೊದಲೇ ಲೆಕ್ಕ ಹಾಕಿದ್ದಳು. ಆದರೂ ಎದೆ ಚುರ್ರೆಂದಿತು.

ಆ ವಾರ ಅಕ್ಕ ಫೋನ್ ಮಾಡಿದಳು. "ಮನೆಯಿಂದ ಹೊರಗೇ ಬರ್ತಿಲ್ಲ ಅವರು. ಖುಷಿನಾ ಈಗ?"

"ಹೂಂ ಅಕ್ಕಾ. ತುಂಬಾ."

"ಇಲ್ಲ ಅಂತ ಒಂದು ಸುಳ್ಳಾದ್ರೂ ಹೇಳ್ಬಾರ್ದಿತ್ತೇನೇ?"

"ಸುಳ್ಳು ಹೇಳೋಕೆ ನಿಮ್ಮ ಮನೇಲಿ ಒಬ್ಬರಿದ್ದಾರಲ್ಲ."

ಅಕ್ಕ ಫೋನ್ ಇಟ್ಟಳು. ಮತ್ತೆಂದೂ ಮಾಡಲಿಲ್ಲ.