ಎರಡು ಸುತ್ತು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆಕೆ ಶವಪೆಟ್ಟಿಗೆಯಲ್ಲಿದ್ದ ಗಂಡನ ಹೆಬ್ಬೆರಳನ್ನು ಮತ್ತೊಮ್ಮೆ ತಿಕ್ಕಿದಳು. ಉಗುರಿನ ಸಂದಿಯ ಗ್ರೀಸು ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಬಿಡಮ್ಮ, ಪೆಟ್ಟಿಗೆ ಮುಚ್ಚೋ ಹೊತ್ತಾಯ್ತು" ಎಂದು ಅವಳ ಅಣ್ಣ ಬಟ್ಟೆ ತೆಗೆದುಕೊಂಡ. ಅವಳ ಎಡಗೈ ಮುಷ್ಟಿ ಮಾತ್ರ ಬೆಳಗಿನಿಂದ ಬಿಚ್ಚಿರಲಿಲ್ಲ.

ಬಾಗಿಲ ಬಳಿ ಸಾಹುಕಾರ ನಿಂತಿದ್ದ. ಮೊನ್ನೆ ರಿಪೇರಿ ಶೆಡ್ಡಿನಲ್ಲಿ ಅವಳ ಗಂಡನ ಮೇಲೆ ಮಗುಚಿ ಬಿದ್ದ ಅಮೆರಿಕದ ಮೋಟಾರ್ ಸೈಕಲ್ಲಿನ ಒಡೆಯ. ಸಾವಿನ ಮನೆಯಲ್ಲೂ ಅವನ ಬಾಯಿಗೆ ಬಿಡುವಿರಲಿಲ್ಲ. ಸಾವಿರದ ಏಳುನೂರು ಸಿಸಿ, ಎರಡೇ ಸಿಲಿಂಡರು, ಚೈನಿನ ಬದಲು ಬೆಲ್ಟು, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಸಾಮಾನಿಗೆ ಎರಡು ಡಬ್ಬಿ, ದಿನವಿಡೀ ಓಡಿಸಿದರೂ ಸೊಂಟ ನೋಯದು ಎಂದು ಗಂಡಿನ ಕಡೆಯವರು ಹುಡುಗನ ಗುಣ ಹೊಗಳುವ ಹಾಗೆ ಹೇಳುತ್ತಿದ್ದ. ಕೊನೆಗೆ ದನಿ ತಗ್ಗಿಸಿದ.

"ನಾನೂರು ಕೆ.ಜಿ. ಗಾಡಿ ನೋಡಿ. ಸ್ಟ್ಯಾಂಡ್ ಸರಿಯಾಗಿ ಹಾಕಿಲ್ಲ ಪಾಪ. ವಯಸ್ಸಾಗಿತ್ತು."

ನೆರೆದವರು ತಲೆದೂಗಿದರು. ಅದನ್ನು ಕಂಡು ಅವಳ ಮೈಯೆಲ್ಲ ಉರಿಯಿತು. ಗಂಡ ಹೋದ, ಸರಿ. ಮೂವತ್ತು ವರ್ಷ ಗಳಿಸಿದ ಹೆಸರನ್ನೂ ಇವನು ಅದೇ ಗುಂಡಿಗೆ ಹಾಕುವುದೇ?

*

ಗಂಡ ಕುಳ್ಳ ಎನ್ನುವುದಕ್ಕಷ್ಟೇ ಅಲ್ಲ, ಆ ಗಾಡಿಯ ಇಂಚಿನ ಅಳತೆಯ ಬೋಲ್ಟುಗಳಿಗೆ ಸ್ಪ್ಯಾನರು ಇದ್ದದ್ದು ಊರಲ್ಲಿ ಅವನೊಬ್ಬನ ಹತ್ತಿರ ಎನ್ನುವುದಕ್ಕೂ ಜನ ಅವನನ್ನು ಇಂಚು ಮೇಸ್ತ್ರಿ ಎನ್ನುತ್ತಿದ್ದರು. ಸಾಯುವ ಹಿಂದಿನ ದಿನ ಸಾಹುಕಾರನ ಫೋನು ಬಂದಾಗ ಅವನು ಊಟಕ್ಕೆ ಕೂತಿದ್ದ. ಕೈ ಎಂಜಲೆಂದು ಅವಳೇ ಫೋನನ್ನು ಅವನ ಕಿವಿಗೆ ಹಿಡಿದಳು. ದೂರ ಹೋಗಿ ಬಂದೆ, ಸ್ಟ್ಯಾಂಡು ಅಲ್ಲಾಡುತ್ತಿದೆ ಎಂದ ಸಾಹುಕಾರ. ದಾರಿಯಲ್ಲಿ ಬೇರೆ ಮೆಕ್ಯಾನಿಕ್ ಯಾರಾದರೂ ಅದಕ್ಕೆ ಕೈ ಹಾಕಿದರೇ ಎಂದು ಮೇಸ್ತ್ರಿ ಎರಡು ಸಲ ಕೇಳಿದ. ಎರಡು ಸಲವೂ ಇಲ್ಲ ಎಂದಿತು ಫೋನು.

"ನಮ್ಮ ಕಡೆ ಗಾಡಿಗಳ ಎಂಟು ಮಿಲಿಮೀಟರ್ ಬೋಲ್ಟು ನೋಡೋಕೆ ಇಂಚಿನ ಬೋಲ್ಟಿನ ಒಡಹುಟ್ಟಿದ್ದರ ಹಾಗೇ ಇರತ್ತೆ ಕಣೇ" ಎಂದ ಆಮೇಲೆ ಅವಳಿಗೆ. "ಇಂಚಿನ ನಟ್ಟಿಗೆ ಹಾಕಿದ್ರೆ ಎರಡು ಸುತ್ತು ಹೋಗತ್ತೆ, ಆಮೇಲೆ ನಿನ್ನ ಥರ ಮುನಿಸ್ಕೊಳ್ಳತ್ತೆ."

ಮರುದಿನ ಸಾಹುಕಾರನ ಮಾತು ನಂಬಿ, ಸ್ಟ್ಯಾಂಡಿನ ಮೇಲೆ ವಾಲಿದ್ದ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

*

ಆಕೆ ಎದ್ದು ಗೋಡೆಗೂಡಿನಲ್ಲಿದ್ದ ಗಂಡನ ಡಬ್ಬಿಯಿಂದ ಒಂದು ಇಂಚಿನ ನಟ್ಟು ಆರಿಸಿದಳು. ಸಾಹುಕಾರನ ಎದುರು ಬಂದು ಮುಷ್ಟಿ ಬಿಚ್ಚಿದಳು. ಶೆಡ್ಡಿನಲ್ಲಿ ಕಿತ್ತುಬಂದ ಸ್ಟ್ಯಾಂಡಿನ ಪಕ್ಕ ಅವಳಿಗೆ ಸಿಕ್ಕ ಬೋಲ್ಟು. ತುದಿಯ ಎರಡು ಸುತ್ತು ಉಜ್ಜಿಹೋಗಿತ್ತು, ಉಳಿದದ್ದೆಲ್ಲ ಹೊಚ್ಚ ಹೊಸದು.

"ಇದು ನಿಮ್ಮ ಗಾಡೀದು. ಇದು ನಮ್ಮವರ ನಟ್ಟು. ಹಾಕಿ."

"ಈ ಹೊತ್ತಲ್ಲಿ ಇದೆಲ್ಲ ಯಾಕಮ್ಮ?"

"ಅವರು ಇಷ್ಟು ವರ್ಷ ಹಾಕಿದ್ರು. ನೀವು ಒಂದ್ಸಲ ಹಾಕಿ."

ಅಣ್ಣ ಬಂದು ಬಾಗಿಲಿಗೆ ಅಡ್ಡ ನಿಂತ. ಸಾಹುಕಾರ ತಿರುಗಿಸಿದ. ಒಂದು ಸುತ್ತು. ಎರಡು. ನಿಂತಿತು. ಹಲ್ಲು ಕಚ್ಚಿ ಒತ್ತಿದ, ಅಲುಗಲಿಲ್ಲ. ಪೆಟ್ಟಿಗೆ ಮುಚ್ಚಲು ಬಂದವರು ಮುಚ್ಚಳ ಹಿಡಿದುಕೊಂಡೇ ಅವನ ಬೆರಳನ್ನು ನೋಡುತ್ತಿದ್ದರು. ಬೋಲ್ಟಿನ ಗ್ರೀಸು ಅವನ ಹೆಬ್ಬೆರಳಿನ ಉಗುರಿನ ಸಂದಿಗೆ ಕಪ್ಪಗೆ ಇಳಿಯುತ್ತಿತ್ತು.