ಹದಿನೆಂಟು ಜನರ ಬಾವಿ

"ಮೂವತ್ತಾರು ದಿನ ಅಂತ ಬರೆದಿರೋಳು ನೀನೇನಾ?"

ಅಶ್ವತ್ಥಪ್ಪ ಸ್ಲೇಟನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ. ರತ್ನಿ ಕಂಬಕ್ಕೆ ಒರಗಿ ನಿಂತಿದ್ದಳು. ಮೇಷ್ಟ್ರು ಆ ಮೂವತ್ತಾರರ ಮೇಲೆ ಅಡ್ಡಗೆರೆ ಎಳೆದಿದ್ದು ಶನಿವಾರ. ಅವಳ ಅಂಗೈಗೂ ಎರಡು ಬಿಗಿದು, ಸೋಮವಾರ ಸರಿ ಮಾಡಿಕೊಂಡು ಬಾ ಎಂದು ಕಳಿಸಿದ್ದರು. ಸರಿ ಮಾಡಿಕೊಡಲು ಮನೆಯಲ್ಲಿ ಯಾರಿಗೆ ಬರಬೇಕು? ಭಾನುವಾರ ಸೋದರಮಾವ ಬರುವವರೆಗೂ ಲೆಕ್ಕ ಹಾಗೇ ಬಿದ್ದಿತ್ತು.

ಅಶ್ವತ್ಥಪ್ಪ ಅವಳ ತಾಯಿ ಮಂಗಮ್ಮನ ಅಣ್ಣ. ಬಾವಿ, ಕಾಲುವೆ ಅಗೆಸುವ ಮೇಸ್ತ್ರಿ. ಈಗ ಬಂಗಾರಪೇಟೆಯಲ್ಲಿ ಹೆಂಚಿನ ಮನೆ ಕಟ್ಟಿಸಿಕೊಂಡಿದ್ದಾನೆ. ಆ ಊರನ್ನು ಅವನು ಇಂಗ್ಲಿಷರಿಟ್ಟ ಹೆಸರು ಹಿಡಿದು ಬೌರಿಂಗ್‌ಪೇಟೆ ಎಂದೇ ಕರೆಯುವುದು, ಆ ಬೌರಿಂಗ್ ದೊರೆ ಇವನ ಹತ್ತಿರದ ನೆಂಟನೇನೋ ಅನ್ನುವ ಹಾಗೆ. ಕ್ಯಾಸಂಬಳ್ಳಿ ಪಕ್ಕದ ಈ ಊರಿನ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತದೆ. ಮುಂದೆ ಓದಬೇಕಾದರೆ ರತ್ನಿ ಅವನ ಮನೆಯಲ್ಲೇ ಇರಬೇಕು, ಬೇರೆ ದಾರಿಯಿಲ್ಲ. ಹುಡುಗಿಗೆ ತಲೆ ಇದೆಯೋ ಇಲ್ಲವೋ ಮೊದಲು ನೋಡುತ್ತೇನೆ ಎಂದು ಹೇಳಿ ಕಳಿಸಿ, ಇವತ್ತು ಮಾರಿಕುಪ್ಪಂವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ನಡೆದು ಬಂದಿದ್ದ. ಮಂಗಮ್ಮ ಅಣ್ಣನಿಗೆಂದು ಹುಂಜ ಕೊಯ್ಯಿಸಿದ್ದಳು. ಅದರ ಪುಕ್ಕ ಕೀಳುತ್ತ ಅಂಗಳದಲ್ಲಿ ಕೂತಿದ್ದ ಗಂಡ ಸೊಣ್ಣಪ್ಪ ಬಾವನನ್ನು ಬಾ ಎಂದೂ ಕರೆದಿರಲಿಲ್ಲ. ಅವನ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆಟ್ಟು ಮತ್ತು ತೋರುಬೆರಳು ಮಾತ್ರ. ಪುಕ್ಕ ಕೀಳುವುದಕ್ಕೆ ಎರಡು ಬೆರಳು ಸಾಕು.

"ಓದು ಲೆಕ್ಕಾನ," ಎಂದ ಅಶ್ವತ್ಥಪ್ಪ.

"ಆರು ಜನರು ಒಂದು ಬಾವಿಯನ್ನು ಹನ್ನೆರಡು ದಿನಗಳಲ್ಲಿ ತೋಡಿದರೆ, ಹದಿನೆಂಟು ಜನರು ಅದೇ ಬಾವಿಯನ್ನು ಎಷ್ಟು ದಿನಗಳಲ್ಲಿ ತೋಡುವರು?" ರತ್ನಿ ಗಿಳಿಪಾಠದ ಹಾಗೆ ಒಪ್ಪಿಸಿದಳು.

"ಹನ್ನೆರಡಾರ್ಲಿ ಎಪ್ಪತ್ತೆರಡು. ಅದನ್ನ ಹದಿನೆಂಟರಿಂದ ಭಾಗಿಸು. ನಾಲ್ಕು. ಮೂವತ್ತಾರು ಎಲ್ಲಿಂದ ಬಂತು?"

ರತ್ನಿ ಹೆದರುತ್ತಲೇ ಹೇಳಿದಳು. ಶುಕ್ರವಾರವೂ ಇದೇ ಅಂಕಿಗಳ ಲೆಕ್ಕ ಕೊಟ್ಟಿದ್ದರು. ಆರು ಜನ ಹನ್ನೆರಡು ಸೇರು ರಾಗಿ ಉಂಡರೆ ಹದಿನೆಂಟು ಜನ ಎಷ್ಟು ಉಣ್ಣುವರು ಎಂದು. ಮೂವತ್ತಾರು ಬರೆದಿದ್ದಳು, ಮೇಷ್ಟ್ರು ಬೆನ್ನು ತಟ್ಟಿದ್ದರು. ಶನಿವಾರವೂ ಅದನ್ನೇ ಮಾಡಿದಳು, ಏಟು ಬಿತ್ತು. ರಾಗಿಗೆ ಜಾಸ್ತಿಯಾಗಿದ್ದು ಬಾವಿಗೆ ಯಾಕೆ ಕಮ್ಮಿಯಾಗಬೇಕು ಎನ್ನುವುದು ಅವಳಿಗೆ ಈಗಲೂ ಹೊಳೆದಿರಲಿಲ್ಲ.

ಮಂಗಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅಷ್ಟೂ ತಿಳಿಯಾಕಿಲ್ವೇನೆ? ಜನ ಜಾಸ್ತಿ ಆದ್ರೆ ಕೆಲ್ಸ ಬೇಗ ಆಯ್ತದೆ. ಈಗ ನೋಡು, ನಾನು ಬೀಸೋ ಕಲ್ಲಿನ ಮುಂದೆ ಒಬ್ಳೇ ಕುಂತ್ರೆ ಒತ್ತಾಯ್ತದೆ. ಇಬ್ರು ಕುಂತ್ರೆ ಬೇಗ ಆಯ್ತದೆ. ಆರು ಜನ ಕುಂತ್ರೆ..."

ಅವಳು ಅಲ್ಲಿಗೆ ನಿಲ್ಲಿಸಿದಳು. ಬೀಸುವ ಕಲ್ಲಿಗೆ ಇರುವುದು ಒಂದೇ ಗೂಟ. ಆರು ಜನರನ್ನು ಎಲ್ಲಿ ಕೂರಿಸುವುದು ಎಂದು ಅವಳಿಗೇ ತೋಚಲಿಲ್ಲ.

"ಬಾವಿ ಅಗಲ ಎಷ್ಟಂತೆ?" ಅಂಗಳದಿಂದ ಸೊಣ್ಣಪ್ಪ ಕೇಳಿದ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು ಅದು.

"ಲೆಕ್ಕದ ಬಾವಿಗೆ ಅಗಲ ಯಾಕಯ್ಯ?" ಎಂದ ಅಶ್ವತ್ಥಪ್ಪ.

"ಮ್ಯಾಲೆ ನಿಂತು ಎಣಿಸೋವ್ನಿಗೆ ಬ್ಯಾಡ. ಒಳಕ್ಕೆ ಇಳಿಯೋವ್ನಿಗೆ ಬೇಕು."

ನಾಲ್ಕು ವರ್ಷದಿಂದ ಮಂಗಮ್ಮ ಇಬ್ಬರ ನಡುವೆ ಏಳದಂತೆ ತಡೆದುಕೊಂಡು ಬಂದಿದ್ದ ಮಾತು ಇದು. ಊರಿನ ಬಚ್ಚಪ್ಪನ ತೋಟದ ಬಾವಿಯನ್ನು ಆಗ ಅಶ್ವತ್ಥಪ್ಪನೇ ಗುತ್ತಿಗೆ ಹಿಡಿದಿದ್ದ. ಹತ್ತಡಿ ಅಗಲದ ಬಾವಿಯೊಳಗೆ ಆರು ಜನ ಆರಾಮವಾಗಿ ಅಗೆಯುತ್ತಿದ್ದರು. ಯುಗಾದಿಗೆ ನೀರು ತೋರಿಸುತ್ತೇನೆಂದು ಜಂಬ ಕೊಚ್ಚಿಕೊಂಡ ಮೇಸ್ತ್ರಿ ಒಂದು ಬೆಳಿಗ್ಗೆ ಹದಿನೆಂಟು ಜನರನ್ನು ಇಳಿಸಿಬಿಟ್ಟ. ಭುಜಕ್ಕೆ ಭುಜ ತಾಗುವಂತೆ ನಿಂತು ಅಗೆದರು. ಮೂರನೇ ದಿನ ಜೊತೆಗೆ ಅಗೆಯುತ್ತಿದ್ದ ಮುನಿಶಾಮಿ ಎತ್ತಿದ ಪಿಕಾಸಿಗೆ ಬೀಳಲು ಬೇರೆ ಜಾಗವಿರಲಿಲ್ಲ, ಕಲ್ಲು ಬಾಚುತ್ತಿದ್ದ ಸೊಣ್ಣಪ್ಪನ ಕೈಮೇಲೆ ಬಿತ್ತು. ಮಿಕ್ಕವರು ಮೇಲೆ ಹತ್ತಿದವರು ತಿಂಗಳಾದರೂ ಆ ಬಾವಿಗೆ ಇಳಿಯಲಿಲ್ಲ. ಅಶ್ವತ್ಥಪ್ಪ ಮಾತ್ರ ಸೊಣ್ಣಪ್ಪ ಹೆಂಡ ಕುಡಿದು ಇಳಿದಿದ್ದ ಎಂದು ಸುತ್ತಲ ಹಳ್ಳಿಗೆಲ್ಲ ಹೇಳಿಕೊಂಡು ಬಂದ. ಹುಟ್ಟಿದಾಗಿನಿಂದ ಹೆಂಡ ಮುಟ್ಟದವನ ಬಗ್ಗೆ!

"ಆ ಬಾವಿ ನಾಲ್ಕು ದಿನಕ್ಕೆ ಮುಗೀತಾ ಬಾವ, ತಿಂಗಳ ಮ್ಯಾಲೆ ಆಗ್ಲಿಲ್ವಾ?" ಸೊಣ್ಣಪ್ಪ ಕೇಳಿದ. "ನನ್ ಮಗ್ಳು ಬರ್ದಿರೋದೇ ಸರಿಯಾಗೈತೆ. ಮೇಷ್ಟ್ರಿಗೆ ಬಾವಿ ಗೊತ್ತಿಲ್ಲ. ನಿಂಗೆ ಗೊತ್ತಿತ್ತು."

ಸಿಟ್ಟು ಬಂದರೆ ಅಶ್ವತ್ಥಪ್ಪನ ಪೇಟೆ ಮಾತು ಕಳಚಿ ಬೀಳುತ್ತದೆ. "ಕುಡ್ದು ಇಳ್ದೋವ್ನು ನೀನು! ನನ್ ಮ್ಯಾಲೆ ಯಾಕ್ಲಾ ಆಕ್ತೀಯ?"

"ಇನ್ನೊಂದು ಸಲ ಅನ್ನು ಆ ಮಾತ." ಸೊಣ್ಣಪ್ಪ ಪುಕ್ಕ ಮೆತ್ತಿದ ಕೈಯಲ್ಲೇ ಎದ್ದ.

"ಪೋನಿ, ಓಗ್ಲಿ ಬಿಡಣ್ಣ, ನಿನ್ ಕಾಲಿಗೆ ಬೀಳ್ತೀನಿ," ಮಂಗಮ್ಮ ನಡುವೆ ಬಂದಳು. ಗಂಡನ ಕಡೆ ತಿರುಗಿ ಹಲ್ಲು ಕಚ್ಚಿದಳು, "ನೀವಾದ್ರೂ ಸುಮ್ಕಿರಿ. ಮಗ್ಳು ಓದೋದು ಬ್ಯಾಡ್ವಾ?"

ಅಶ್ವತ್ಥಪ್ಪ ಸ್ಲೇಟಿನ ಮೇಲಿದ್ದುದನ್ನು ಒರೆಸಿ ಬಳಪವನ್ನು ರತ್ನಿಯ ಮುಂದೆ ಎಸೆದ. "ಬರಿ. ನಾಲ್ಕು ಅಂತ ಬರೆದ್ರೆ ಬ್ಯಾಸ್ಗೆ ರಜ ಕಳೀತಿದ್ದಂಗೆ ನಮ್ಮನೇಗೆ ಬಾ. ನಿಮ್ಮಪ್ಪನ ಲೆಕ್ಕಾನೇ ಸರಿ ಅಂದ್ರೆ ಇಲ್ಲೇ ಎಮ್ಮೆ ಕಾಯ್ಕೊಂಡಿರು. ನನ್ ಮನೇಲಿ ಇವ್ನ ಲೆಕ್ಕ ನಡೆಯಾಕಿಲ್ಲ."

ರತ್ನಿ ಬಳಪ ಎತ್ತಿಕೊಂಡು ಅಪ್ಪನ ಮುಖ ನೋಡಿದಳು. ಸೊಣ್ಣಪ್ಪ ಆ ನೋಟವನ್ನು ತಡೆಯಲಾರದೆ ಅರ್ಧ ಬೋಳಾದ ಹುಂಜದ ಮುಂದೆ ಮತ್ತೆ ಕುಕ್ಕರಿಸಿದ. "ನಾಲ್ಕು ಅಂತ ಬರಿಯಮ್ಮ," ಎಂದ. ಹಾಗೆ ಹೇಳುವಾಗ ಅವನಿಗೆ ಬಾವನಿಗಿಂತ ತನ್ನ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

ರತ್ನಿ ನಾಲ್ಕು ಬರೆದಳು. ಅಶ್ವತ್ಥಪ್ಪ ಕೈ ಚಾಚಿದರೂ ಸ್ಲೇಟು ಕೊಡಲಿಲ್ಲ. ನಾಲ್ಕರ ಕೆಳಗೆ ಬಾವಿಯ ಹಾಗೆ ಗುಂಡಗೆ ಗೆರೆ ಎಳೆದು, ಒಳಗೆ ಚುಕ್ಕೆ ಇಡತೊಡಗಿದಳು. ಒಂದು, ಎರಡು, ಮೂರು ಎಂದು ಬಾಯಲ್ಲೇ ಎಣಿಸುತ್ತಿದ್ದಳು. ಹನ್ನೆರಡಕ್ಕೆ ಜಾಗ ಮುಗಿಯಿತು. ಉಳಿದವನ್ನು ಒಂದರ ಮೇಲೊಂದು ಇಟ್ಟಳು.

"ಮಾವ, ಇದ್ರಲ್ಲಿ ನಮ್ಮಪ್ಪ ಯಾವ್ದು?"

ಅವಳು ಕೊಂಕಾಗಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಅಶ್ವತ್ಥಪ್ಪ ಸ್ಲೇಟು ಕಿತ್ತುಕೊಂಡು ಎಂಜಲು ಹಚ್ಚಿದ ಹೆಬ್ಬೆಟ್ಟಿನಿಂದ ಬಾವಿಯನ್ನು ತಿಕ್ಕಿ ಅಳಿಸಿದ. ನಾಲ್ಕನ್ನು ಹಾಗೇ ಬಿಟ್ಟ. "ರಜ ಕಳೀತಿದ್ದಂಗೆ ಕಳಿಸು," ಎಂದು ತಂಗಿಗೆ ಹೇಳಿ, "ಊಟಕ್ಕಿಕ್ಕು, ನಾಲ್ಕೂವರೆ ರೈಲು ಇಡೀಬೇಕು," ಎಂದ.

ಸಾರು ಆಗುವ ಹೊತ್ತಿಗೆ ಬಿಸಿಲು ಜಗಲಿಯಿಂದ ಇಳಿದಿತ್ತು. ಅಶ್ವತ್ಥಪ್ಪ, ಸೊಣ್ಣಪ್ಪ, ರತ್ನಿ ಮೂವರೂ ಒಂದೇ ಸಾಲಿನಲ್ಲಿ ಕೂತರು. ಅಶ್ವತ್ಥಪ್ಪ ಎರಡು ಮುದ್ದೆಯನ್ನು ಗಬಗಬ ನುಂಗಿ ಏಳಲು ಮೊಣಕಾಲು ಊರಿದ.

"ಮಾವ, ಅಪ್ಪಂದು ಇನ್ನೂ ಆಗಿಲ್ಲ," ಎಂದಳು ರತ್ನಿ. ಅವಳ ತಟ್ಟೆ ಆಗಲೇ ಬರಿದಾಗಿತ್ತು. ಅವಳೂ ಎದ್ದಿರಲಿಲ್ಲ.

ಸಾಲಿನಲ್ಲಿ ಒಬ್ಬ ಉಣ್ಣುತ್ತಿರುವಾಗ ಇನ್ನೊಬ್ಬ ಎದ್ದರೆ ಉಣ್ಣುವವನ ಮುಖಕ್ಕೆ ಉಗಿದ ಹಾಗೆ. ಮಂಗಮ್ಮ ಸಾರಿನ ಪಾತ್ರೆ ಹಿಡಿದು ಅಣ್ಣನನ್ನೇ ನೋಡುತ್ತಿದ್ದಳು. ಅಶ್ವತ್ಥಪ್ಪ ಮೊಣಕಾಲು ಮಡಿಸಿ ಮತ್ತೆ ಕೂತ.

ಸೊಣ್ಣಪ್ಪ ಎರಡು ಬೆರಳಲ್ಲಿ ಗೋಲಿಯಷ್ಟು ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು ಗೋಲಿ ಮುರಿದ. ಅಶ್ವತ್ಥಪ್ಪನ ಎಂಜಲು ಕೈ ಒಣಗಿ ಬೆರಳ ಸಂದಿಯಲ್ಲಿ ರಾಗಿ ಗಟ್ಟಿಯಾಗತೊಡಗಿತು. ರೈಲು ಹಿಡಿಯಲು ಮಾರಿಕುಪ್ಪಂವರೆಗೆ ಇನ್ನೂ ಅಷ್ಟು ದೂರ ನಡೆಯಬೇಕಿತ್ತು.

ತಟ್ಟೆ ಬರಿದಾದ ಮೇಲೆ ಸೊಣ್ಣಪ್ಪ ತಲೆಯೆತ್ತಿ ಹೆಂಡತಿಯ ಕಡೆ ನೋಡಿದ.

"ಇನ್ನೊಂದು ಮುದ್ದೆ ಇಕ್ಕು," ಎಂದ.