ಬೀರುವಿನಲ್ಲಿದ್ದ ಇರುವೆಗಳು

ನಮ್ಮ ಬೀದಿಯ ಇರುವೆ ಮೇಷ್ಟ್ರಿಗೆ ಒಂದು ಅಭ್ಯಾಸ. ಕಾಲೇಜಿನಿಂದ ನಿವೃತ್ತರಾದ ಮೇಲೂ ಆಗಾಗ ಅಲ್ಲಿನ ಗ್ರಂಥಾಲಯಕ್ಕೆ ಹೋಗಿ, ಬೀಗ ಹಾಕಿದ ಗಾಜಿನ ಬೀರುವಿನೊಳಗೆ ಇಣುಕಿ ನೋಡುತ್ತಾರೆ. ಅಲ್ಲಿ ಅವರ ಸಂಶೋಧನಾ ಪ್ರಬಂಧವಿದೆ. ಹರೆಯದಲ್ಲಿ ಹೊಳೆಯ ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ಇರುವೆಗಳ ಸಂಸಾರವನ್ನೆಲ್ಲ ನೋಡಿ ಬರೆದದ್ದು. ಹಾಳೆ ಮಡಿಚಿಲ್ಲ, ರಟ್ಟು ಮಾಸಿಲ್ಲ. "ಹೊಸದರ ಹಾಗೇ ಇದೆ" ಎಂದು ಹಿಗ್ಗಿ ಮನೆಗೆ ಬರುತ್ತಾರೆ. ಯಾರೂ ಮುಟ್ಟದೆ ಇರುವುದಕ್ಕೇ ಅದು ಹಾಗಿದೆ ಎಂದು ಅವರಿಗೆ ಹೊಳೆದಿರಲಿಲ್ಲ. ಓದಿದವರೂ ಒಮ್ಮೊಮ್ಮೆ ಹೀಗೇ.

ಆ ಗ್ರಂಥಾಲಯ ನೋಡಿಕೊಳ್ಳುವವನು ಮೇಷ್ಟ್ರ ಹೆಂಡತಿಯ ತಮ್ಮ. ಹಳೆಯ ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕುವ ಕೆಲಸ ಅಲ್ಲಿ ನಡೆಯುತ್ತಿತ್ತು. ಬರೆದವರೆಲ್ಲ ಒಪ್ಪಿದ್ದರು, ಅವನ ಸ್ವಂತ ಭಾವ ಒಬ್ಬರನ್ನು ಬಿಟ್ಟು. ಒಂದು ಸಂಜೆ ಅವನು ಮತ್ತೆ ಬಂದು ಕೂತ.

"ಭಾವ, ಈ ಸಲ ಬರಿಗೈಲಿ ಹೋಗಲ್ಲ."

"ಟೀ ಕುಡಿದು ಹೋಗು. ಪ್ರಬಂಧದ ಮಾತು ಬೇಡ. ಬಯಲಲ್ಲಿಟ್ರೆ ಯಾರಾದ್ರೂ ಎತ್ಕೊಂಡು ತಮ್ಮ ಹೆಸರು ಹಾಕ್ಕೊಳ್ತಾರೆ."

"ಬೀರುವಿನಲ್ಲಿರೋದನ್ನ ಕದ್ರೆ ಯಾರಿಗೆ ಗೊತ್ತಾಗತ್ತೆ ಹೇಳಿ? ನಿಮ್ಮ ಹೆಸರು, ಬರೆದ ವರ್ಷದ ಜೊತೆ ಎಲ್ಲರ ಕಣ್ಣಿಗೂ ಬೀಳೋ ಹಾಗಿದ್ರೆ ಕದ್ದವನು ಸಿಕ್ಕಿಬೀಳ್ತಾನೆ. ಎರಡು ಬರಹ ಹೋಲಿಸಿ ನೋಡೋಕೆ ಈಗ ಕಂಪ್ಯೂಟರೇ ಇದೆ."

"ನಿನ್ನ ಕಂಪ್ಯೂಟರ್‌ಗಿಂತ ನಿನ್ನ ಬೀಗದ ಮೇಲೆ ನಂಗೆ ನಂಬಿಕೆ. ಬೇಕಾದವರು ಬಂದು ಓದ್ಲಿ."

ಬಾಮೈದ ಇವತ್ತು ನಗಲಿಲ್ಲ. ಫೋನ್ ತೆಗೆದು, ದೂರದ ಊರಿನ ಸಂಶೋಧಕಿಯೊಬ್ಬಳು ಗ್ರಂಥಾಲಯಕ್ಕೆ ಕಳಿಸಿದ್ದ ಮಿಂಚಂಚೆಯನ್ನು ಓದಿದ. ಹೊಳೆ ದಡಗಳಿಂದ ಕಾಣೆಯಾದ ಕೀಟಗಳ ಬಗ್ಗೆ ಅವಳ ಅಧ್ಯಯನ. 'ನಿಮ್ಮೂರಿನ ದಡದ ಇರುವೆಗಳ ಬಗ್ಗೆ ಎಲ್ಲ ಕಡೆ ಹುಡುಕಿದೆ, ಏನೂ ಸಿಗಲಿಲ್ಲ. ನಿಮ್ಮಲ್ಲೂ ಇಲ್ಲದಿದ್ದರೆ, ಇವುಗಳನ್ನು ಈವರೆಗೆ ಯಾರೂ ಅಭ್ಯಾಸ ಮಾಡಿಲ್ಲವೆಂದು ಬರೆದು ಈ ವಾರವೇ ಪ್ರಬಂಧ ಒಪ್ಪಿಸುತ್ತೇನೆ.'

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಯಾರೂ ಮಾಡಿಲ್ವಂತೆ! ಹಾಗಾದ್ರೆ ಅಲ್ಲಿ ಮೊಣಕೈ ತರಚಿಕೊಂಡು ಬಿದ್ದಿದ್ದೋನು ಯಾರು? ಬಂದು ಬೀರು ನೋಡೋಕೆ ಅವಳಿಗೇನು ಕಷ್ಟ?"

"ಇಂಥ ಬೀರು ಇದೆ ಅಂತ ಗೊತ್ತಾದ್ರಲ್ವಾ ಬರೋದು? ಈಗಿನವರು ಕೂತಲ್ಲೇ ಹುಡುಕ್ತಾರೆ, ಕೇಳಿದ ತಕ್ಷಣ ಸಿಗಬೇಕು ಅಂತಾರೆ. ಪರದೆ ಮೇಲೆ ಕಾಣದ್ದು ಇಲ್ವೇ ಇಲ್ಲ ಅಂದ್ಕೊಳ್ಳೋದು ಅವರ ತಪ್ಪು. ಇವಳು ವಾಸಿ, ಒಂದು ಮಾತು ಕೇಳಿದ್ಲು. ಆದ್ರೆ ಇದ್ದದ್ದನ್ನ ಕಾಣದ ಹಾಗೆ ಇಟ್ಟಿದ್ದು ನಮ್ಮ ತಪ್ಪು, ಭಾವ. ಮೊದಲೆಲ್ಲ ಪುಸ್ತಕ ಕಾಯೋದೇ ನನ್ನ ಕೆಲಸ. ಈಗ ಹುಡುಕೋರ ಕೈಗೆ ಅದನ್ನ ಮುಟ್ಟಿಸೋದೂ ನನ್ನ ಕೆಲಸವೇ. ನೀವು ಹೂಂ ಅನ್ನದೆ ನಾನು ಕಳಿಸೋ ಹಾಗಿಲ್ಲ."

ಟೀ ತಂದ ಹೆಂಡತಿ ಲೋಟ ಇಡುತ್ತಾ ಹೇಳಿದರು, "ರೀ, ಆ ದಡದಲ್ಲಿ ಈಗ ಬರೀ ಕಾಂಕ್ರೀಟು. ನಿಮ್ಮ ಇರುವೆಗಳು ಉಳಿದಿರೋದು ನೀವು ಬರೆದದ್ರಲ್ಲಿ ಅಷ್ಟೇ."

ಮೇಷ್ಟ್ರು ಲೋಟ ಕೈಗೆತ್ತಿಕೊಂಡು, ಕುಡಿಯದೆ ಹಾಗೇ ಕೆಳಗಿಟ್ಟರು. ಕಳ್ಳರಿಗೆ ಹೆದರಿ ಓದುವವರನ್ನೂ ಹೊರಗೆ ನಿಲ್ಲಿಸಿಬಿಟ್ಟೆನಲ್ಲ ಎಂದು ಅವರಿಗೆ ನಿಜಕ್ಕೂ ನೋವಾಗಿತ್ತು. ಟೀ ಆರಿಹೋದ ಮೇಲೆ, "ಹಾಕಪ್ಪ. ಮೊದಲು ಆ ಹುಡುಗಿಗೆ ಕಳಿಸು" ಅಂದರು.

ಎರಡೇ ದಿನಕ್ಕೆ ಬಾಮೈದ ಅವಳ ಉತ್ತರ ಹಿಡಿದು ಬಂದ. 'ಸರ್, ಕೆಂಪಿರುವೆ ಗೂಡುಗಳ ನಕ್ಷೆಯಲ್ಲಿ ಹೊಳೆ ಹರಿಯುವ ದಿಕ್ಕು ತಿರುಗುಮುರುಗಾಗಿದೆಯೇ? ಬೇರೆ ಪುಟಗಳ ವಿವರಕ್ಕೆ ಅದು ಹೊಂದುತ್ತಿಲ್ಲ.'

ಮೇಷ್ಟ್ರು ಕನ್ನಡಕ ಏರಿಸಿ ಫೋನಿನಲ್ಲೇ ಆ ಪುಟ ನೋಡಿದರು. ತಿರುಗುಮುರುಗಾಗಿತ್ತು. ಅಂದಿನ ಪರೀಕ್ಷಕರೂ ಹಿಡಿಯದ ತಪ್ಪು. ಇನ್ನು ಕೂಗಾಡುತ್ತಾರೆ ಎಂದುಕೊಂಡು ಹೆಂಡತಿ ಬಾಗಿಲಲ್ಲೇ ನಿಂತರು. ಮೇಷ್ಟ್ರ ಕಣ್ಣು ತುಂಬಿತ್ತು.

"ಓದಿದ್ದಾಳೆ ಕಣೇ" ಅಂದರು. "ಪೂರ್ತಿ ಓದಿದ್ದಾಳೆ."

ಓದುಗರೇ, ನೀವು ವರ್ಷಗಟ್ಟಲೆ ದುಡಿದು ಬರೆದ ಪ್ರಬಂಧ ಎಲ್ಲಿದೆ? ಬೀಗದ ಹಿಂದೆ ಇದ್ದರೆ, ನಾಳೆಯೇ ನಿಮ್ಮ ಗ್ರಂಥಪಾಲಕರ ಹತ್ತಿರ ಹೋಗಿ ಒಪ್ಪಿಗೆ ಕೊಟ್ಟು ಬನ್ನಿ. ಸಂಶೋಧನೆ ಮಾಡುವ ಮಕ್ಕಳೇ, ಪರದೆಯಲ್ಲಿ ಸಿಗಲಿಲ್ಲವೆಂದು ಕೈಚೆಲ್ಲಬೇಡಿ, ಅದೇ ಗ್ರಂಥಪಾಲಕರನ್ನು ಒಂದು ಮಾತು ಕೇಳಿ. ಬರೆದವರು ಬದುಕಿರುವಾಗಲೇ ಅವರ ತಪ್ಪು ಹಿಡಿಯಿರಿ. ಅವರಿಗೆ ಅದಕ್ಕಿಂತ ದೊಡ್ಡ ಸಂತೋಷವಿಲ್ಲ.